ಎಡಗವಲಿನಲ್ಲಿ ಮರಿ ಇರಲಿಲ್ಲ

ಬಂದರಿನ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕತ್ತಿಯಕ್ಕ ಎಂದೇ ಕರೆಯುತ್ತಿದ್ದರು. ದಡಕ್ಕೆ ಬಂದು ಬಿದ್ದ ತಿಮಿಂಗಿಲ, ಡಾಲ್ಫಿನ್‌ಗಳನ್ನು ಸೀಳಿ ಡಾಕ್ಟರರಿಗೆ ತೋರಿಸುವುದು ಅವಳ ಕೆಲಸ. ಬಾಯಿ ಜೋರು, ಕೈ ಮೆತ್ತಗೆ. ಬಸುರಿ ಪ್ರಾಣಿ ಬಂದರೆ ಮಾತ್ರ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿಯೇ ಮುಟ್ಟುವಳು. "ತಣ್ಣನೆ ಕೈ ತಗುಲಿದ್ರೆ ಮರಿ ಬೆಚ್ಚುತ್ತೆ" ಎನ್ನುವಳು. ಸತ್ತ ಮರಿ ಬೆಚ್ಚುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗಿತ್ತು!

ಎರಡು ಬಸಿರು ಕಳೆದುಕೊಂಡವಳಿಗೆ ಈಗ ಮತ್ತೆ ಏಳು ತಿಂಗಳು. ಅಂದು ಕೆಲಸಕ್ಕೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. "ಹೊಟ್ಟೇಲಿ ಕೂಸಿಟ್ಕೊಂಡು ಸತ್ತ ಬಸುರಿ ಹೊಟ್ಟೆ ಕುಯ್ಯೋಕೆ ಹೋಗ್ತೀಯಲ್ಲೇ, ಹುಚ್ಚೇನೇ ನಿಂಗೆ?"

"ಮನೇಲಿ ಕೂತ್ರೆ ತಲೆ ಕೆಡುತ್ತೆ ಅತ್ತೆ" ಎಂದು ನುಣುಚಿಕೊಂಡಳು. ಬೆಳಗಿನಿಂದ ಕೂಸು ಒಮ್ಮೆಯೂ ಮಿಸುಕಿಲ್ಲವೆಂದು ಹೇಳಲಿಲ್ಲ. ಆಸ್ಪತ್ರೆಗೆ ಹೋದರೆ ಮೂರನೆಯ ಸಲವೂ ಅದೇ ಮಾತು ಕೇಳಬೇಕಾದೀತೆಂಬ ಭಯ.

ಮೇಜಿನ ಮೇಲೆ ನಿನ್ನೆಯೇ ಸತ್ತು ತಣ್ಣಗೆ ಕೊರೆಯುತ್ತಿದ್ದ ಡಾಲ್ಫಿನ್. ಅದರ ಗರ್ಭಕೋಶಕ್ಕೆ ಪ್ಯಾಂಟಿನ ಕಾಲುಗಳಂತೆ ಎರಡು ಕವಲು, ಎರಡೂ ನೀರು ತುಂಬಿ ಉಬ್ಬಿದ್ದವು. ಮರಿ ಬೆಳೆಯುವುದು ಸಾಮಾನ್ಯವಾಗಿ ಎಡಗವಲಿನಲ್ಲಿ. ಡಾಕ್ಟರು ಹೇಳುವ ಮೊದಲೇ ಕತ್ತಿ ಅಲ್ಲಿಗೆ ಹೋಗಿತ್ತು.

ನೀರು ಸುರಿಯಿತು. ಮರಿಯಿಲ್ಲ. ಮರಿಯನ್ನು ಪೋಷಿಸುವ ಮಾಸು ಮಾತ್ರ ಕವಲಿನ ತುದಿಯವರೆಗೂ ಹಾಸಿಕೊಂಡಿತ್ತು. ಡಾಲ್ಫಿನ್ನಿನ ಮಾಸು ತಾಯಿಯ ಒಳಗೋಡೆಗೆ ಬೇರು ಬಿಡುವುದಿಲ್ಲ, ಬರೀ ಒತ್ತಿಕೊಂಡಿರುತ್ತದೆ. ಬೆರಳಾಡಿಸಿದರೆ ರಕ್ತವೇ ಇಲ್ಲದೆ ಬಿಟ್ಟುಬಂತು. ಇಷ್ಟು ಸಲೀಸಾಗಿ ಬಿಟ್ಟುಬರುತ್ತದಲ್ಲ ಎಂದು ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಮರಿ ಎಲ್ಲಿ ಸಾರ್?"

"ಬಲಕ್ಕಿರ್ಬೇಕಕ್ಕ, ಅಪರೂಪಕ್ಕೆ ಹಾಗಾಗುತ್ತೆ. ಮಾಸು ಹೇಗೂ ಎರಡೂ ಕಡೆ ಹರಡುತ್ತೆ" ಎಂದು ಡಾಕ್ಟರು ಕ್ಯಾಮೆರಾ ತರಲು ಹೋದರು.

ಅವಳು ಬಲಗವಲನ್ನು ತೆರೆದಳು. ಮರಿ ಬಾಲ ಮಡಚಿಕೊಂಡು ಬಾಗಿ ಮಲಗಿತ್ತು. ಗಿಡ್ಡನೆಯ ಹೊಕ್ಕುಳಬಳ್ಳಿಯ ಮೈತುಂಬ ಮುತ್ತಿನಂಥ ಕಂದು ಗಂಟುಗಳು. ಬಳ್ಳಿಯನ್ನು ಬೆರಳುಗಳ ನಡುವೆ ಹಿಡಿದಳು. ಬಳ್ಳಿ ಮಿಡಿಯಿತು.

ತನ್ನ ನಾಡಿಯೇ ಇರಬೇಕು ಎಂದುಕೊಂಡಳು. ಆದರೆ ಅವಳ ಎದೆ ಓಡುತ್ತಿತ್ತು, ಬಳ್ಳಿ ನಿಧಾನಕ್ಕೆ ಮಿಡಿಯುತ್ತಿತ್ತು. ಆಮೇಲೆ ನಿಂತಿತು. ನಿಂತ ಗಳಿಗೆಗೆ ಸರಿಯಾಗಿ ಅವಳ ಹೊಟ್ಟೆಯಲ್ಲಿ ಕೂಸು ಜಾಡಿಸಿ ಒದೆಯಿತು.

ಸಂತೋಷಕ್ಕೆ ಕಣ್ಣು ತುಂಬಿ ಬಂತು; ಅದರ ಬೆನ್ನಿಗೇ ಮೈ ಜುಮ್ಮೆಂದಿತು. ಡಾಕ್ಟರು ಮರಳಿ ಬಂದಾಗ ಅವಳು ಡಾಲ್ಫಿನ್ನಿನ ತಲೆಯ ಬಳಿ ಬಾಗಿ ಪಿಸುಗುಟ್ಟುತ್ತಿದ್ದಳು: "ನಿನ್ನ ಮರೀನ ನಾನು ಕಿತ್ಕೊಳ್ಳಲಿಲ್ಲ ಕಣಮ್ಮ. ಅದಾಗೇ ಬಂತು."