ಇನ್ನೂರು ವರ್ಷದ ಕಾಯಿ

ಆ ದ್ವೀಪದ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಒಬ್ಬ ಬಡಪಾಯಿಯ ಮಾನ ಹೋಗುತ್ತದೆ. ದಡದಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ, ಹಿಂದೆ ದೊಡ್ಡ ಹಡಗುಗಳು ಬಂದು ನಿಲ್ಲುತ್ತಿದ್ದ ಪುಟ್ಟ ಬಂದರು ಎಂದಷ್ಟೇ ತಿಳಿದರೆ ಸಾಕು.

ಎಪ್ಪತ್ತರ ದಶಕದ ಮಾತು. ಹೊಸದಾಗಿ ಮದುವೆಯಾಗಿದ್ದೆ. ಹೆಂಡತಿಗೆ ಸಮುದ್ರ ತೋರಿಸಿಕೊಂಡು ಬರಲೇ ಎಂದು ಹೊನ್ನವಳ್ಳಿಯ ಮಾವನವರನ್ನು ಕೇಳಿದೆ. ‘ಆಗ್ಲಿ, ನಡೀರಿ’ ಎಂದವರು ಮಾರನೆಯ ಬೆಳಿಗ್ಗೆ ನಮಗಿಂತ ಮೊದಲೇ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು! ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ.

ಮಾವನವರು ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿ ಒಣಗಿಸಿ ಕೊಬ್ಬರಿ ಮಾಡುವವರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಇಂಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಅಳಿಯನನ್ನೂ ಹಾಗೆಯೇ ಅಲ್ಲಾಡಿಸಿ ನೋಡಿ, ಇನ್ನೂ ಹಸಿ ಎಂದು ತೀರ್ಮಾನಿಸಿದ್ದರು. ನಾನು ಮಾಡಿದ್ದನ್ನು ಒಮ್ಮೆಯೂ ಮೆಚ್ಚಿದವರಲ್ಲ. ಈ ಪ್ರವಾಸದಲ್ಲಾದರೂ ಅವರ ಬಾಯಲ್ಲಿ ಒಂದು ಒಳ್ಳೆಯ ಮಾತು ಆಡಿಸಲೇಬೇಕೆಂದು ಹಟ ತೊಟ್ಟೆ.

ದೀಪಸ್ತಂಭ ತೋರಿಸಿದೆ. ‘ಇಷ್ಟೆತ್ತರ ಕಟ್ಟಿ ಒಂದು ಎಳನೀರೂ ಇಲ್ವಲ್ರೀ’ ಎಂದರು. ಕೋಟೆಯ ಮೇಲಿನ ಫಿರಂಗಿಯನ್ನು ಬೆರಳಿನಿಂದ ತಟ್ಟಿ ಮುಂದೆ ನಡೆದರು. ಆಳೆತ್ತರದ ಹಡಗಿನ ಲಂಗರನ್ನು ಮಾತ್ರ ಎರಡು ಸುತ್ತು ಹಾಕಿ ನೋಡಿದಾಗ ನನಗೆ ಆಸೆ ಚಿಗುರಿತು. ‘ಇದನ್ನ ನೆಲಕ್ಕೆ ನೆಟ್ರೆ ಕಾಯಿ ಸುಲೀಬೋದು’ ಎಂದರು. ಸಮುದ್ರದ ಕಡೆ ಬಾಗಿದ್ದ ತೆಂಗಿನ ಮರಗಳನ್ನು ಕಂಡಾಗಲಂತೂ ಬೈದೇ ಬಿಟ್ಟರು. ‘ನೆಟ್ಟಗೆ ನಿಲ್ಲಾಕೂ ಬರಾಕಿಲ್ಲ ಇವಕ್ಕೆ.’

ಉಳಿದದ್ದು ಹಡಗಿನ ವಸ್ತುಸಂಗ್ರಹಾಲಯ, ಎರಡು ಕೋಣೆಯ ಹೆಂಚಿನ ಮನೆ. ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿ ಕಪ್ಪಗಿನ ಒಂದು ತೆಂಗಿನಕಾಯಿ. ಇನ್ನೂರು ವರ್ಷದ ಹಿಂದೆ ಮುಳುಗಿದ ಹಡಗಿನಲ್ಲಿ ಸಿಕ್ಕಿದ್ದು, ಎಲ್ಲರೂ ಬರುವುದು ಇದನ್ನು ನೋಡಲಿಕ್ಕೇ ಎಂದು ಅಲ್ಲಿನ ನೌಕರ ಕೈಮುಗಿದು ವಿವರಿಸಿದ. ಪೆಟ್ಟಿಗೆಗೆ ಬೀಗವಿರಲಿಲ್ಲ. ನಾನು ತಡೆಯುವಷ್ಟರಲ್ಲಿ ಮಾವನವರ ಕೈ ಒಳಗೆ ಹೋಗಿ, ಕಾಯಿ ಕಿವಿಯ ಹತ್ತಿರ ಬಂದಿತ್ತು.

‘ನೀರೈತಲ್ರೀ ಒಳಗೆ!’

ನೌಕರ ಅತ್ತಿತ್ತ ನೋಡಿದ. ಮಾವನವರ ತೋಳು ಹಿಡಿದು ಮೂಲೆಗೆ ಕರೆದೊಯ್ದ. ‘ಮೊದಲಿಂದು ನಿಜವಾದ್ದೇ ಇತ್ತು ಮಾರಾಯ್ರೆ. ಇಲಿ ತಿಂದು ಹೋಯ್ತು. ನನ್ನ ಹಿತ್ತಲಿಂದ ತಂದು ಮಸಿ ಹಚ್ಚಿ ಇಡ್ತೇನೆ. ಮಳೆಗಾಲದಲ್ಲಿ ಕೊಳೆತು ನಾರ್ತದೆ, ಮತ್ತೊಂದು ಇಡ್ತೇನೆ. ಸಾಹೇಬರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ.’

ಅಷ್ಟರಲ್ಲಿ ಬಾಗಿಲಲ್ಲಿ ಹತ್ತಾರು ಪ್ರವಾಸಿಗರು ಬಂದು ನಿಂತರು. ‘ಏನಂತೆ ಆ ಕಾಯಿ?’ ಎಂದು ಒಬ್ಬರು ಕೇಳಿದರು. ಒಂದು ಹಸಿ ಕಾಯಿ ಕಂಡರೆ ಇಡೀ ರಾಶಿಯನ್ನೇ ವಾಪಸ್ ಕಳಿಸುವ ಮನುಷ್ಯ ನನ್ನ ಮಾವ. ಕಾಯಿಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ.

ಅವರು ಕಾಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟರು. ‘ಇನ್ನೂರು ವರ್ಷದ್ದೇ ಕಣ್ರೀ. ಕೊಬ್ಬರಿ ಮಾಡೋ ನಮ್ಮ ಕಡೆಯೋರು ಹೇಳಿದ್ಮೇಲೆ ಮುಗೀತು’ ಎಂದರು.

ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಕಡೆಯವರೆಗೂ ಕಡಿಮೆಯಾಗಲಿಲ್ಲ.

ಊರಿಗೆ ಬಂದವರೇ ಅಟ್ಟ ಹತ್ತಿ, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗಿನ ಒಣ ಕೊಬ್ಬರಿ ಲೊಟಲೊಟ ಎನ್ನುವ ಎರಡು ಕಾಯಿ ಆರಿಸಿ, ತಾವೇ ಸುಲಿದು ನನ್ನ ಕೈಗಿಟ್ಟರು. ‘ಆ ಗಾಜಿನ ಪೆಟ್ಟಿಗೆಯೋನಿಗೆ ಪಾರ್ಸೆಲ್ ಮಾಡ್ರೀ. ಇವು ಕೊಳೆಯಾಕಿಲ್ಲ. ಒಂದು ಇಲಿ ತಿಂದ್ರೆ ಇನ್ನೊಂದಿರ್ಲಿ.’ ಹೆಂಡತಿಗೂ ನನಗೂ ಯಾರಿಗೂ ಹೇಳಕೂಡದೆಂದು ತಾಕೀತಾಯಿತು. ಪ್ರವಾಸದ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ!

ಹತ್ತು ವರ್ಷದ ಮೇಲೆ ನಮ್ಮ ಮಗಳು ಶಾಲೆಯ ಪ್ರವಾಸದಲ್ಲಿ ಅದೇ ಊರಿಗೆ ಹೋಗಿ ಬಂದಳು. ಬಂದವಳೇ ತಾತನ ಮುಂದೆ ಕೂತಳು.

‘ತಾತ, ಇನ್ನೂರು ವರ್ಷದ ಕಾಯಿ ನೋಡ್ದೆ! ಅಲ್ಲಿದ್ದೋರು ಅಲ್ಲಾಡ್ಸಿ ನಮ್ಮ ಕಿವಿಗೂ ಹಿಡಿದ್ರು.’

‘ನೀರಿನ ಸದ್ದು ಬಂತಾ?’

‘ಇಲ್ಲ, ಲೊಟಲೊಟ ಅಂತು.’

‘ಹಂಗಾರೆ ಹಳೇದೇ ಕಣೇ’ ಎಂದವರು ನನ್ನ ಕಡೆ ತಿರುಗಿದರು. ‘ಅಳಿಯಂದ್ರೇ, ಅವತ್ತು ನೀವು ತೋರ್ಸಿದ್ರಲ್ಲ, ಒಳ್ಳೇ ಊರು ಕಣ್ರೀ ಅದು.’