ಬೀಳದ ಹತ್ತಿ ಬೇಲು

ನನ್ನ ಗಂಡನ ಬಿಪಿ ನನ್ನಿಂದಲೇ ಏರುತ್ತದೆ ಎಂದು ಅವರ ಕಡೆಯವರೆಲ್ಲ ನಂಬಿದ್ದಾರೆ. ಇರಲಿ. ಹೆಬ್ಬೆರಳೂ ನನ್ನಿಂದಲೇ ಬಾತಿತೇ?

ಆಂಧ್ರದ ಆದೋನಿಯ ಮಾರುಕಟ್ಟೆಯಲ್ಲಿ ಅವರದು ಹತ್ತಿ ದಲಾಲಿ ಅಂಗಡಿ. ಬಿಪಿ ಬಂದು ವರ್ಷಗಳಾದವು. ಗುಳಿಗೆ ನುಂಗುವುದು ತಲೆ ತಿರುಗಿದ ದಿನ ಮಾತ್ರ. ಕಳೆದ ಚಳಿಗಾಲ ಬಲಗಾಲಿನ ಹೆಬ್ಬೆರಳು ಕೆಂಪಗೆ ಬಾತು, ಹೊದಿಕೆಯ ಅಂಚು ತಗುಲಿದರೂ ಚೀರತೊಡಗಿದರು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ಜಾಸ್ತಿಯಾಗಿ ಬೆರಳಿನ ಕೀಲಿನಲ್ಲಿ ಕೂತಿದೆ ಎಂದ ಅವರು ತೆಲುಗಿನಲ್ಲಿ ಸಹಜವಾಗಿ ಕೇಳಿದರು: “ಮಟನ್ ತಿಂಟಾರಾ? ಮಂದು ಅಲವಾಟು ಉಂದಾ?”

ಮಟನ್ ತಿನ್ನುತ್ತೀರಾ, ಕುಡಿಯುವ ಚಟ ಇದೆಯಾ ಎಂದು. ಶಿವ ಶಿವಾ! ಕೊರಳಲ್ಲಿ ಲಿಂಗ ಕಟ್ಟಿದವರನ್ನು ಕೇಳುವ ಮಾತೇ? ನನ್ನ ಗಂಡ ಆ ಕ್ಷಣದಿಂದ ಕಿವುಡರಾದರು. ಮಾಂಸ ತಿನ್ನದವರಿಗೂ ಇದು ಬರುತ್ತದೆ, ಬಿಪಿಯಿಂದ ಕಿಡ್ನಿ ಸೋತರೆ ಈ ಆಸಿಡ್ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ, ಎರಡೂ ಸೇರಿದರೆ ಕಿಡ್ನಿಗೂ ಹೃದಯಕ್ಕೂ ಅಪಾಯ, ಕೂಲ್ ಡ್ರಿಂಕ್ಸ್ ಬಿಡಿ, ಕೇಳದೆ ನೋವಿನ ಗುಳಿಗೆ ನುಂಗಬೇಡಿ, ಬಿಪಿ ಗುಳಿಗೆ ತಪ್ಪಿಸಬೇಡಿ ಎಂದರು ಡಾಕ್ಟರು. ಇದನ್ನೆಲ್ಲ ಕೇಳಿಸಿಕೊಂಡವಳು ನಾನೊಬ್ಬಳೇ.

“ಯಾರ ಮುಂದೂ ಬಾಯಿ ಬಿಡಬ್ಯಾಡ. ಕದ್ದು ಮಟನ್ ತಿಂತಾನ ಅಂತಾರ,” ಎಂದರು ಹೊರಗೆ ಬಂದವರೇ. ಕೇಳಿದವರಿಗೆಲ್ಲ, ಜಿನ್ನಿಂಗ್ ಮಿಲ್ಲಿನಲ್ಲಿ ಕಾಲ ಮೇಲೆ ಹತ್ತಿ ಬೇಲು ಬಿತ್ತು ಎಂದು ಹೇಳಿದರು.

ಕ್ವಿಂಟಲ್ ಮೀರಿ ತೂಗುವ ಹತ್ತಿಯ ಹೊರೆ ಬಿದ್ದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಬದಲಿಗೆ ಇವರ ಕಡೆಯವರು ಹತ್ತಿರದ ಆಸ್ಪರಿಯಿಂದ ಎಲುಬು ಕೂಡಿಸುವವನನ್ನು ಕರೆತಂದರು. ಆತ ಆ ಬೆಂಕಿಯಂಥ ಬೆರಳನ್ನು ಹಿಡಿದು ಜಗ್ಗಿದ. ನನ್ನ ಗಂಡ ಓಣಿಯೇ ಬೆಚ್ಚುವಂತೆ ಕೂಗಿದರು. ಆದರೂ, “ಬೇಲು ಭಾಳ ಭಾರ ಇತ್ತಪ್ಪಾ,” ಎಂದರು. ನನಗೆ ನಗುವೂ ಬಂತು, ಮೈಯೂ ಉರಿಯಿತು. ಆಮೇಲೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ಶುರುವಾಯಿತು. ಡಾಕ್ಟರು ಬರೆದುಕೊಟ್ಟದ್ದು ಕಪಾಟಿನಲ್ಲೇ ಉಳಿಯಿತು.

ಕೆಲವು ವಾರಗಳಲ್ಲಿ ಮುಖ ಊದಿತು, ಎರಡೂ ಪಾದ ಊದಿದವು. ಮತ್ತೆ ರಕ್ತ ಪರೀಕ್ಷೆಯಾಯಿತು. ಬಿಪಿಯ ಜೊತೆ ಈ ನೋವಿನ ಗುಳಿಗೆಯೂ ಸೇರಿ ಕಿಡ್ನಿಗೆ ಪೆಟ್ಟು ಬಿದ್ದಿದೆ, ಇನ್ನೂ ಹೀಗೇ ಮಾಡಿದರೆ ಉಳಿಸಿಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಅದೇ ಸಂಜೆ ಇವರ ಸೋದರಮಾವ ಕುಂಟುತ್ತಾ ಮನೆಗೆ ಬಂದರು. ಚಹಾ ತಂದು ನೋಡುತ್ತೇನೆ, ಇವರು ಮತ್ತದೇ ಬೇಲಿನ ಕಥೆ ಶುರುಮಾಡಿದ್ದಾರೆ! ಆ ಮಾವ ನಮ್ಮ ಬಳಗಕ್ಕೇ ಹಿರಿಯರು. ಅವರ ಮುಂದೆ ಸೊಸೆಯಂದಿರು ದನಿ ಎತ್ತುವುದಿಲ್ಲ. ನಾನು ಎತ್ತಿದೆ.

“ಯಾವ ಬೇಲೂ ಬಿದ್ದಿಲ್ರೀ ಮಾವಾ! ಬಿಪಿ ಐತಿ, ಯೂರಿಕ್ ಆಸಿಡ್ ಐತಿ, ಕಿಡ್ನಿ ಕೆಡಾಕತ್ತಾವ. ಮಾನ ಹೋಗತೈತಂತ ಇವರು ಗುಳಿಗಿ ನುಂಗವಲ್ರು. ಇವರ ಮಾನ ಇಟ್ಕೊಂಡು ನಾ ಏನು ಮಾಡ್ಲಿ?”

ಇವರು ನನ್ನನ್ನು ಸುಡುವಂತೆ ನೋಡಿದರು. ಮಾವ ಚಹಾದ ಲೋಟ ಕೆಳಗಿಟ್ಟು, ಧೋತರ ಸ್ವಲ್ಪ ಮೇಲೆತ್ತಿ, ಬಾತ ಪಾದ ತೋರಿಸಿದರು. ಮೆಟ್ಟಿಲಿಂದ ಜಾರಿ ಬಿದ್ದು ಅವರು ಕುಂಟುತ್ತಿದ್ದಾರೆ ಎಂದೇ ನಾವೆಲ್ಲ ಇಷ್ಟು ದಿನ ನಂಬಿದ್ದೆವು.

“ನಾನೂ ಯಾವ ಮೆಟ್ಲಿಂದಾನೂ ಬಿದ್ದಿಲ್ಲವ್ವಾ,” ಎಂದರು. “ಸೋಮವಾರದಿಂದ ನನಗ ಕರ್ನೂಲಿನಾಗ ಡಯಾಲಿಸಿಸ್. ಅದನ್ನ ಹೇಳಾಕಂತನ ಬಂದಿದ್ದೆ.”

ಇವರು ಮಾವನ ಪಾದದಿಂದ ಕಣ್ಣು ಕೀಳದೆಯೇ ನನ್ನ ಕಡೆ ಕೈ ಚಾಚಿದರು.

“ಗುಳಿಗಿ ಎಲ್ಲಿಟ್ಟಿ?”