ಮರ್ವ್ ಎತ್ತದ ಫೋನು

ಕುರಿಯ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಮರ್ವ್‌ನ ಫೋನು ರಿಂಗಣಿಸಿತು. ಗುರುತಿಲ್ಲದ ನಂಬರು. ಅವನು ಕಟ್ ಮಾಡಿದ.

"ಸೋಲಾರ್ ಮಾರೋರು ಕಣೆ. ದಿನಾ ಇದೇ ಗೋಳು."

ಸಿಡ್ನಿಯ ಚುನಾವಣಾ ಕಚೇರಿಯಿಂದ ಬಂದ ಪತ್ರ ಗ್ಲೆನಿಸ್‌ಳ ಕೈಯಲ್ಲಿತ್ತು. ಊರಿನ ಆಸ್ಪತ್ರೆ ಮುಚ್ಚಿದ ಸಿಟ್ಟಿಗೆ ದೊಡ್ಡ ಪಕ್ಷದಿಂದ ಸಿಡಿದು ಅವರಿಬ್ಬರು ಕಟ್ಟಿದ ಪಕ್ಷ ಒಮ್ಮೆ ಒಂದು ಸೀಟನ್ನೂ ಗೆದ್ದಿತ್ತು. ಹನ್ನೊಂದು ವರ್ಷ ಅವಳೇ ಕಾರ್ಯದರ್ಶಿ. ಪಕ್ಷದ ಸದಸ್ಯರು ನಿಜವಾಗಿ ಇದ್ದಾರೆಯೇ ಎಂದು ತಿಳಿಯಲು ಕಚೇರಿ ಹೋದ ತಿಂಗಳು ಅವರಿಗೆ ಫೋನು ಮಾಡಿತ್ತಂತೆ. ಹೆಚ್ಚಿನವರು ಎತ್ತಲಿಲ್ಲವೆಂದು ಪಕ್ಷದ ನೋಂದಣಿ ರದ್ದಾಗಿತ್ತು.

"ಹೋದ ತಿಂಗಳೂ ಹೀಗೇ ಕಟ್ ಮಾಡಿದ್ಯಾ?"

"ಮೂರು ಸಲ! ಗುರುತಿಲ್ದಿರೋ ನಂಬರ್ ಎತ್ಬೇಡಿ ಅಂತ ನಮ್ಮ ಪಕ್ಷದೋರಿಗೆಲ್ಲ ಹೇಳಿಕೊಟ್ಟಿದ್ದೇ ನಾನು. ಯಾಕೆ?"

ಅವಳು ಪತ್ರವನ್ನು ಉಣ್ಣೆಯ ಮೂಟೆಯ ಮೇಲಿಟ್ಟಳು.

"ಓದ್ಕೊಳ್ಳಿ, ಅಧ್ಯಕ್ಷರೇ."

"ಕನ್ನಡಕ ಮನೇಲಿದೆ ಮಾರಾಯ್ತಿ, ನೀನೇ ಓದು. ಅಂದ್ಹಾಗೆ, ಮುಂದಿನ ಚುನಾವಣೆಗೆ ನಾವು..."

ಗ್ಲೆನಿಸ್ ಆಗಲೇ ಕಾರಿನತ್ತ ಹೊರಟಿದ್ದಳು.